ದಾಸನ ಕೈಯಲ್ಲಿ ಅಧಿಕಾರ: ಕೆನರಾದಲ್ಲಿ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜರನ್ನು ಧರ್ಮಸಭೆಯು ಶ್ರೀಲಂಕಾದ ಪ್ರೇಷಿತರೆಂದು ಗೌರವಿಸುತ್ತದೆ. 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಜರನ್ನು ಸಂತ ಪದವಿಗೇರಿಸಿದಾಗಲೂ ಎಲ್ಲರ ಗಮನ ಸಹಜವಾಗಿಯೇ ಲಂಕೆಯ ಸೇವೆಯ ಕಡೆಗೆ ಹರಿಯಿತು. ಆದರೆ ಅದಕ್ಕೂ ಮೊದಲು, 1681ರಿಂದ 1684ರವರೆಗೆ, ಅವರು ಕೆನರಾ ಎನಿಸಿದ್ದ ನಮ್ಮ ಕರಾವಳಿಯಲ್ಲಿ ದುಡಿದರು. ಯಾಜಕನು ತನಗೆ ವಹಿಸಲ್ಪಟ್ಟ ಅಧಿಕಾರವನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಗೆ ಆ ವರ್ಷಗಳು ನೀಡುವ ಉತ್ತರ ನಮ್ಮ ಮನನಕ್ಕೆ ಯೋಗ್ಯವಾದುದು.

ವಾಜರು 1651ರ ಏಪ್ರಿಲ್ 21ರಂದು ಗೋವಾದ ಬೆಣಾವ್ಲಿಯಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. 1677ರ ಆಗಸ್ಟ್ 5ರಂದು ಅವರು ತಮ್ಮನ್ನು ಮಾತೆ ಮರಿಯಮ್ಮನವರ ಶಾಶ್ವತ ದಾಸನೆಂದು ಒಪ್ಪಿಸಿಕೊಂಡು ದಾಸ್ಯಪತ್ರವೊಂದನ್ನು ಬರೆದರು. ದಾಸನಿಗೆ ತನ್ನದೆಂಬ ಸ್ವತ್ತಿಲ್ಲ. ಅವನ ವಶದಲ್ಲಿರುವುದೆಲ್ಲ ಒಡೆಯನದು. ಅಧಿಕಾರದ ಬಗೆಗಿನ ಅವರ ಮುಂದಿನ ನಡೆಯನ್ನು ಈ ಪತ್ರದ ಬೆಳಕಿನಲ್ಲಿಯೇ ಓದಬೇಕು. ಲಂಕೆಗೆ ಹೋಗುವ ಹಂಬಲವನ್ನು ಹಿರಿಯರಿಗೆ ತಿಳಿಸಿದ್ದ ಅವರನ್ನು ಗೋವಾದ ಧರ್ಮಾಡಳಿತವು ಕೆನರಾಕ್ಕೆ ವಿಕಾರ್ ಫೋರೇನ್ ಆಗಿ ಕಳುಹಿಸಿತು. ಅವರು ವಿಧೇಯರಾಗಿ ಹೊರಟು ಬಂದರು.

ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಗೆ ಒಳಪಟ್ಟಿದ್ದ ಆ ನಾಡಿನಲ್ಲಿ ಧರ್ಮಸಭೆಯೊಳಗೇ ಬಿರುಕು ಮೂಡಿತ್ತು. ಪೋರ್ಚುಗಲ್ ದೊರೆಗಳಿಗೆ ಪೋಪರು ದಯಪಾಲಿಸಿದ್ದ ಪದ್ರುವಾದೊ ಹಕ್ಕಿನ ಆಧಾರದಲ್ಲಿ ಕೆನರಾ ತನಗೆ ಸೇರಿದ್ದೆಂದು ಗೋವಾ ವಾದಿಸುತ್ತಿತ್ತು. ಇತ್ತ 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಪ್ರೊಪಗಾಂಡ ಫೀದೆ ಪೀಠವು ಥಿಯಟೈನ್ ಸಭೆಯ ಧರ್ಮಾಧ್ಯಕ್ಷ ತೋಮಸ್ ಡಿ ಕಾಸ್ತ್ರೊ ಅವರನ್ನು ಅಲ್ಲಿಗೆ ವಿಕಾರ್ ಅಪೋಸ್ತೋಲಿಕ್ ಆಗಿ ನೇಮಿಸಿತ್ತು. ಹೀಗೆ ಒಂದೇ ಮಂದೆಗೆ ಇಬ್ಬರು ಕುರುಬರು ಹಕ್ಕು ಸಾಧಿಸುವಂತಾಯಿತು.

ಇದು ಕೇವಲ ಪದವಿಯ ವಿವಾದವಾಗಿರಲಿಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿ ಪಾಪವಿಮೋಚನೆ ಸಿಂಧುವಾಗಲು ಗುರುದೀಕ್ಷೆಯೊಂದೇ ಸಾಲದು, ಪಾಪನಿವೇದಕನ ಮೇಲೆ ಗುರುವಿಗೆ ನ್ಯಾಯವ್ಯಾಪ್ತಿಯೂ ಇರಬೇಕು ಎಂಬುದು ತ್ರೆಂತ್ ಮಹಾಸಭೆಯ ಬೋಧನೆ. ಆದ್ದರಿಂದ ನಿಜವಾದ ಅಧಿಕಾರ ಯಾರದೆಂಬ ಸಂಶಯ ಹುಟ್ಟಿದಾಗ, ತನಗೆ ದೊರೆತ ಪಾಪಕ್ಷಮೆ ಸಿಂಧುವೇ ಅಲ್ಲವೇ ಎಂಬ ಸಂಶಯವೂ ಸಾಮಾನ್ಯ ವಿಶ್ವಾಸಿಯ ಮನಸ್ಸಿನಲ್ಲಿ ಹುಟ್ಟುತ್ತದೆ. ಅಧಿಕಾರಿಗಳ ವ್ಯಾಜ್ಯದ ಭಾರವನ್ನು ಕೊನೆಗೆ ಹೊತ್ತುಕೊಂಡವರು ಮಂಡಿಯೂರಿ ಪಾಪನಿವೇದನೆ ಮಾಡುವ ಬಡವರೇ.

ವಾಜರ ಕೈಯಲ್ಲಿ ಗೋವಾದ ನೇಮಕಪತ್ರವಿತ್ತು. ಅದನ್ನು ಮುಂದಿಟ್ಟುಕೊಂಡು ಎದುರುಪಕ್ಷವನ್ನು ಖಂಡಿಸಿದ್ದರೆ ಅವರನ್ನು ಕಳುಹಿಸಿದವರು ಮೆಚ್ಚುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಧರ್ಮಾಧ್ಯಕ್ಷರನ್ನು ಸ್ವತಃ ಕಂಡು, ರೋಮಿನಿಂದ ಬಂದ ಅವರ ಅಧಿಕಾರಪತ್ರವನ್ನು ಗೌರವಿಸಿ, ಪರಿಶುದ್ಧ ಪೀಠದ ಅಂತಿಮ ತೀರ್ಪು ಬರುವವರೆಗೆ ಅವರಿಂದಲೂ ಅಧಿಕಾರವನ್ನು ಬೇಡಿ ಪಡೆದರು. ಗೋವಾದ ನೇಮಕವನ್ನು ತೊರೆಯಲಿಲ್ಲ, ರೋಮಿನ ಪ್ರತಿನಿಧಿಯನ್ನು ಧಿಕ್ಕರಿಸಲೂ ಇಲ್ಲ. ಇದರಿಂದ ಅವರು ನೀಡಿದ ಪಾಪವಿಮೋಚನೆಯನ್ನು ಯಾವ ಪಕ್ಷದವರೂ ಶಂಕಿಸಬೇಕಾದ ಪ್ರಮೇಯ ಉಳಿಯಲಿಲ್ಲ. ಬಳಿಕ ಅವರು ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳ ವಿಶ್ವಾಸಿಗಳ ನಡುವೆ ಸಂಚರಿಸಿ ಸಂಸ್ಕಾರಗಳನ್ನು ನೀಡಿದರು.

ಇದನ್ನು ಜಾಣತನದ ರಾಜಿ ಎಂದು ಭಾವಿಸುವುದು ತಪ್ಪಾದೀತು. ರಾಜಿಯಲ್ಲಿ ಇಬ್ಬರೂ ತಮ್ಮ ಪಾಲನ್ನು ಉಳಿಸಿಕೊಳ್ಳುತ್ತಾರೆ; ವಾಜರಿಗೆ ಉಳಿಸಿಕೊಳ್ಳಬೇಕಾದ ಸ್ವಂತ ಪಾಲೇ ಇರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಸಂತ ಪೌಲರು ಕ್ರಿಸ್ತರ ಆತ್ಮರಿಕ್ತತೆಯನ್ನು ವಿವರಿಸುವಾಗ ದಾಸನ ರೂಪವನ್ನೇ ಮುಂದಿಡುತ್ತಾರಲ್ಲವೇ? ದಾಸ್ಯಪತ್ರದ ಅರ್ಥ ಅವರ ಆಡಳಿತದಲ್ಲಿಯೇ ವ್ಯಕ್ತವಾಯಿತು.

ಲಂಕೆಯಲ್ಲಿ ಇದೇ ಮನೋಭಾವ ಇನ್ನಷ್ಟು ಆಳವಾಗಿ ಬೇರುಬಿಟ್ಟಿತು. ಗೋವಾಕ್ಕೆ ಮರಳಿ 1685ರಲ್ಲಿ ಒರೇಟರಿ ಸಮುದಾಯವನ್ನು ಸೇರಿದ ವಾಜರು, 1687ರಲ್ಲಿ ವೇಷ ಮರೆಸಿಕೊಂಡು ಜಾಫ್ನಾ ತಲುಪಿದರು. ಡಚ್ಚರು ಕಥೋಲಿಕ ಗುರುಗಳನ್ನು ಬಹಿಷ್ಕರಿಸಿದ್ದ ಆ ದ್ವೀಪದಲ್ಲಿ ಪದವಿಯನ್ನು ತೋರಿಸಿಕೊಳ್ಳುವ ಮಾತೇ ಇರಲಿಲ್ಲ. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗುತ್ತಾ, ಅದನ್ನು ಗುರುತಿಸಿದವರ ಮೂಲಕ ಚದುರಿಹೋದ ಮಂದೆಯನ್ನು ಅವರು ಕಂಡುಕೊಂಡರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಾದರು. 1697ರಲ್ಲಿ ಅಲ್ಲಿ ಸಿಡುಬು ಹರಡಿದಾಗ, ಬಂಧುಗಳೇ ತೊರೆದ ರೋಗಿಗಳನ್ನು ಮತಭೇದವಿಲ್ಲದೆ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಪ್ರಭುವಿನಲ್ಲಿ ನಿದ್ರೆಹೋದರು.

ಪದ್ರುವಾದೊ ಇಂದು ಇತಿಹಾಸ. ಆದರೆ ವರ್ಗಾವಣೆ, ಧರ್ಮಕೇಂದ್ರದ ಗಡಿ, ಪೂಜಾಭಾಷೆ, ಪದವಿಯ ಹಿರಿತನ ಇವುಗಳ ವಿವಾದಗಳು ಇತಿಹಾಸವಾಗಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ ಕಟ್ಟಕಡೆಯ ವಿಧಿಯಾದ 1752, ಧರ್ಮಕೇಂದ್ರದ ಗುರುಗಳ ವರ್ಗಾವಣೆಯ ಸಂದರ್ಭದಲ್ಲಿಯೇ ಆತ್ಮಗಳ ರಕ್ಷಣೆ ಪರಮೋಚ್ಚ ನಿಯಮವೆಂದು ನೆನಪಿಸುತ್ತದೆ. ಇಂತಹ ವಿವಾದ ಎದುರಾದಾಗ ಗುರುವಾದವನು ತನ್ನ ಹಕ್ಕು ಎಷ್ಟೆಂದು ಅಳೆಯುವ ಮುನ್ನ, ತನ್ನ ನಡೆಯಿಂದ ಯಾವ ವಿಶ್ವಾಸಿಯ ಅಂತಃಸಾಕ್ಷಿ ಕದಡೀತು, ಯಾರಿಗೆ ಸಂಸ್ಕಾರ ತಪ್ಪೀತು ಎಂದು ವಿಚಾರಿಸಬೇಕು. ಕೆನರಾದಲ್ಲಿ ವಾಜರು ಈ ಪ್ರಶ್ನೆಯಿಂದಲೇ ಆರಂಭಿಸಿದರು.