ಹಳೆಯ ಹಿತ್ತಾಳೆ ಟಾರ್ಚಿಗೆ ಎಲ್‌ಇಡಿ ಆರಿಸುವ ಬಗೆ

ತೆಲಂಗಾಣದ ಧಾರೂರು, ತಾಂಡೂರು, ಜಹೀರಾಬಾದ್ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಎರಡು ದೊಡ್ಡ ಸೆಲ್ಲಿನ ಹಿತ್ತಾಳೆ ಟಾರ್ಚ್ ಈಗಲೂ ಸಿಗುವುದುಂಟು. ಬಲ್ಬು ಸುಟ್ಟಿರುತ್ತದೆ, ಸ್ಪ್ರಿಂಗಿಗೆ ಕಿಲುಬು ಹಿಡಿದಿರುತ್ತದೆ, ಕೊಳವೆಗೆ ಮಾತ್ರ ಏನೂ ಆಗಿರುವುದಿಲ್ಲ. ಅದನ್ನು ಗುಜರಿಗೆ ಹಾಕಬೇಡಿ. ಎಲ್‌ಇಡಿ, ಅದಕ್ಕೆ ತಕ್ಕ ಡ್ರೈವರ್, ಒಂದು ನಂಬಿಕೆಯ ಸೆಲ್ ಇಷ್ಟನ್ನು ತಿಳಿದು ಆರಿಸಿದರೆ ಸಂತೆಯ ಪ್ಲಾಸ್ಟಿಕ್ ಟಾರ್ಚಿಗಿಂತ ಎಷ್ಟೋ ಮೇಲಾದದ್ದು ಮನೆಯಲ್ಲೇ ತಯಾರಾಗುತ್ತದೆ.

ಎಲ್‌ಇಡಿ ಕೊಳ್ಳಲು ಹೋದವರು ಮೊದಲು ಕೇಳುವುದು "ಎಷ್ಟು ವ್ಯಾಟು?" ಎಂದು. ಬೆಳಕು ಎಲ್ಲಿ ಬೀಳಬೇಕು ಎಂಬುದು ಅದಕ್ಕಿಂತ ಮುಖ್ಯ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಪಂಪ್‌ಸೆಟ್ಟಿಗೆ 24 ಗಂಟೆ ವಿದ್ಯುತ್ ಕೊಡುವ ಯೋಜನೆ ಬಂದ ಮೇಲೆ ಕರೆಂಟಿಗಾಗಿ ನಡುರಾತ್ರಿ ಎದ್ದು ಹೊಲಕ್ಕೆ ಓಡುವ ಪಾಡು ಕಡಿಮೆಯಾಯಿತು. ಆದರೂ ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿಲ್ಲ. ಕಬ್ಬಿನ ಗದ್ದೆಗೆ ನೀರು ತಿರುವಬೇಕು, ತೊಗರಿಗೆ ನುಗ್ಗುವ ಕಾಡುಹಂದಿ ಕಾಯಬೇಕು. ಈ ಎರಡು ಕೆಲಸಕ್ಕೆ ಬೇಕಾದ ಬೆಳಕು ಬೇರೆ ಬೇರೆ. ಬದುವಿನ ಮೇಲೆ ನಡೆಯುವವನಿಗೆ ಕಾಲ ಬುಡದಲ್ಲಿ ಹರಡಿದ ಬೆಳಕು ಬೇಕು. ಹೊಲದ ಆಚೆ ತುದಿಯಲ್ಲಿ ಅಲುಗಿದ್ದು ಏನೆಂದು ನೋಡುವವನಿಗೆ ದೂರಕ್ಕೆ ಹೋಗುವ ಕಿರಿದಾದ ಬೆಳಕಿನ ಕೋಲು. ಒಂದೇ ಟಾರ್ಚಿನಲ್ಲಿ ಎರಡನ್ನೂ ಸಾಧಿಸಲು ಹೋದರೆ ಎರಡೂ ಅರೆಬರೆಯಾಗುತ್ತವೆ.

ದೂರದ ಲೆಕ್ಕ ಸರಳ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವ ಲ್ಯೂಮೆನ್, ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಅದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. 10,000 ಕ್ಯಾಂಡೆಲಾಕ್ಕೆ 200 ಮೀಟರ್, 40,000ಕ್ಕೆ 400 ಮೀಟರ್. ಅಂದರೆ ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು. ಇನ್ನೊಂದು ಮಾತು: ಆ ದೂರದಲ್ಲಿ ಉಳಿಯುವುದು ಕಾಲು ಲಕ್ಸ್, ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳದಿಂಗಳಷ್ಟು. ಹಂದಿಯೋ ನಾಯಿಯೋ ಎಂದು ಗುರುತು ಹಿಡಿಯಲು ಅದು ಸಾಲದು. ಬರೆದ ದೂರದ ಅರ್ಧವನ್ನಷ್ಟೇ ನಂಬಬೇಕು.

ಕ್ಯಾಂಡೆಲಾ ಹೆಚ್ಚಿಸಲು ವ್ಯಾಟ್ ಸುರಿಯಬೇಕಿಲ್ಲ. ಬೆಳಗುವ ಮೇಲ್ಮೈ ಚಿಕ್ಕದಾಗಿ, ತೀಕ್ಷ್ಣವಾಗಿದ್ದು, ಅದರ ಸುತ್ತಲಿನ ರಿಫ್ಲೆಕ್ಟರ್ ಅಗಲವಾಗಿರಬೇಕು. ಹಳೆಯ ಟಾರ್ಚಿನ ಅಗಲವಾದ ಬಾಯಿ ಇಲ್ಲಿ ದೊಡ್ಡ ಆಸ್ತಿ. ಹವ್ಯಾಸಿಗಳು ವೈಟ್ ಫ್ಲ್ಯಾಟ್ ಎಂದು ಕರೆಯುವ ಓಸ್ರಾಮ್ ಎಲ್‌ಇಡಿಯ ಬೆಳಗುವ ಭಾಗ 1 ಅಥವಾ 2 ಚದರ ಮಿಲಿಮೀಟರ್ ಮಾತ್ರ, ಮೇಲೆ ಗುಮ್ಮಟವಿಲ್ಲ. ಕಾವಲಿಗೆ ಅದು ತಕ್ಕದ್ದು. ನಾಲ್ಕು ಚಿಪ್ಪು ಸೇರಿಸಿ ಮಾಡಿದ ಕ್ರೀ ಕಂಪನಿಯ ಎಕ್ಸ್‌ಎಚ್‌ಪಿ50, ಎಕ್ಸ್‌ಎಚ್‌ಪಿ70 ಬೆಳಕನ್ನೇನೋ ಧಾರಾಳವಾಗಿ ಕೊಡುತ್ತವೆ. ಆದರೆ ಅವು ಸಾಮಾನ್ಯವಾಗಿ 6 ಅಥವಾ 12 ವೋಲ್ಟ್ ಕೇಳುತ್ತವೆ, ಒಂದೇ ಸೆಲ್ಲಿಗೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಬೇಕಾಗುತ್ತದೆ, ಬಿಸಿಯೂ ವಿಪರೀತ. ಮೊದಲ ಟಾರ್ಚಿಗೆ ಅವುಗಳ ಗೊಡವೆ ಬೇಡ.

ನಡೆಯುವ ಟಾರ್ಚಿಗೆ ನನ್ನ ಆಯ್ಕೆ ಸ್ಯಾಮ್‌ಸಂಗ್ ಎಲ್‌ಎಚ್351ಡಿ ಅಥವಾ ನಿಚಿಯಾ 519ಎ. ಎರಡೂ 3.5 ಮಿಲಿಮೀಟರ್ ಚೌಕದವು, ಎರಡೂ 90ಕ್ಕಿಂತ ಹೆಚ್ಚಿನ ಸಿಆರ್‌ಐನಲ್ಲಿ ಸಿಗುತ್ತವೆ. ಸಿಆರ್‌ಐ ಅಂದರೆ ಬಣ್ಣವನ್ನು ಇದ್ದಂತೆ ತೋರಿಸುವ ಗುಣ. ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಚಿಪ್ಪು. ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ನೊಬೆಲ್ ತಂದದ್ದು ಆ ನೀಲಿ ಬೆಳಕೇ. ಅದರ ಮೇಲಿನ ಹಳದಿ ಫಾಸ್ಫರ್ ಲೇಪನ ಬೆಳಕನ್ನು ಬಿಳಿಯಾಗಿಸುತ್ತದೆ. ಅಗ್ಗದ 6500 ಕೆಲ್ವಿನ್ ಎಲ್‌ಇಡಿಯಲ್ಲಿ ನೀಲಿ ಹೆಚ್ಚು, ಕೆಂಪು ತೀರ ಕಡಿಮೆ. ಜಹೀರಾಬಾದಿನ ಕೆಂಪು ನೆಲ, ಕಬ್ಬಿನ ಒಣಗಿದ ರವದಿ, ಅದರ ಮೇಲೆ ಸುತ್ತಿಕೊಂಡ ಕೊಳಕುಮಂಡಲ ಮೂರೂ ಆ ಬೆಳಕಿನಲ್ಲಿ ಒಂದೇ ಬೂದಿ ಬಣ್ಣವಾಗಿ ಕಾಣುತ್ತವೆ. 4000ದಿಂದ 5000 ಕೆಲ್ವಿನ್‌ನ, ಹೆಚ್ಚು ಸಿಆರ್‌ಐ ಇರುವ ಎಲ್‌ಇಡಿಯಲ್ಲಿ ಹಾವಿನ ಮೈಮೇಲಿನ ಕಂದು ಮಚ್ಚೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇದಕ್ಕಾಗಿ ಒಂದಿಷ್ಟು ಲ್ಯೂಮೆನ್ ಕಳೆದುಕೊಂಡರೂ ಚಿಂತೆಯಿಲ್ಲ. ರಾತ್ರಿ ಬರಿಗಾಲಲ್ಲಿ ನೀರು ತಿರುವುವ ಜನರಿಗೆ ಲ್ಯೂಮೆನ್‌ಗಿಂತ ಈ ಬಣ್ಣವೇ ಜೀವರಕ್ಷಕ.

ಇನ್ನು ಸೆಲ್ಲು. ಹಲವು ಎಲ್‌ಇಡಿ ಟಾರ್ಚುಗಳಲ್ಲಿ ಇರುವುದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಲಿಥಿಯಂ ಅಯಾನ್ ಸೆಲ್. ಅದರ ಮೇಲೆ 9900 ಎಂಎಎಚ್ ಎಂದು ಬರೆದದ್ದು ಕಂಡರೆ ಕೈಗೆತ್ತಿಕೊಳ್ಳಲೇಬೇಡಿ, ಅಷ್ಟು ಹಿಡಿಯುವ 18650 ಇಲ್ಲವೇ ಇಲ್ಲ. ಒಳ್ಳೆಯ ಕಂಪನಿಗಳದ್ದು ಸಾಮಾನ್ಯವಾಗಿ 2500ರಿಂದ 3500ರವರೆಗೆ. ತಕ್ಕಡಿಯಲ್ಲಿ ಇಟ್ಟು ನೋಡಿದರೂ ಗೊತ್ತಾಗುತ್ತದೆ: ಅಸಲಿಯದು 45 ಗ್ರಾಮಿನ ಆಸುಪಾಸು ತೂಗುತ್ತದೆ, ನಕಲಿಯದು ಎಷ್ಟೋ ಹಗುರ.

ಹಿತ್ತಾಳೆ ಟಾರ್ಚಿಗಾದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಸೋಲಾರ್ ದೀಪಗಳಲ್ಲಿ ಬಳಸುವ 32700 ಎಂಬ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 32 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಹಳೆಯ ದೊಡ್ಡ ಸೆಲ್ಲಿನ ದಪ್ಪ 34 ಮಿಲಿಮೀಟರ್. ಕೊಳವೆಯೊಳಗೆ ಇದು ಸರಾಗ ಇಳಿಯುತ್ತದೆ, ಉಳಿದ ಜಾಗಕ್ಕೆ ಹಿತ್ತಾಳೆಯ ಒಂದು ತುಂಡು ಪೈಪು ಸಾಕು. 3.2 ವೋಲ್ಟ್, 6000 ಎಂಎಎಚ್. ಬಿಸಿಗೂ ಏಟಿಗೂ ಸಾಮಾನ್ಯ ಲಿಥಿಯಂ ಅಯಾನ್‌ನಷ್ಟು ಬೇಗ ಬೆಂಕಿ ಹತ್ತುವುದಿಲ್ಲ. ತಾಂಡೂರಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಚಾರ್ಜರ್ ಮಾತ್ರ 3.65 ವೋಲ್ಟಿನದೇ ಆಗಬೇಕು, 4.2 ವೋಲ್ಟಿನದನ್ನು ಹಾಕಕೂಡದು.

ಸೆಲ್ಲಿಗೂ ಎಲ್‌ಇಡಿಗೂ ನಡುವೆ ಡ್ರೈವರ್ ಇರಲೇಬೇಕು. ಎಲ್‌ಇಡಿಯಲ್ಲಿ ವೋಲ್ಟೇಜ್ ಚೂರು ಏರಿದರೂ ಕರೆಂಟ್ ಒಮ್ಮೆಲೇ ನೆಗೆಯುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಡ್ರೈವರಿನ ಕೆಲಸ. ಸುಲಭದ್ದು ಎಎಂಸಿ7135 ಚಿಪ್ಪಿನ ಬೋರ್ಡ್. ಒಂದು ಚಿಪ್ಪಿಗೆ 350 ಮಿಲಿಆಂಪಿಯರ್, ನಾಲ್ಕಿದ್ದರೆ 1.4 ಆಂಪಿಯರ್, ಎಂಟಿದ್ದರೆ 2.8. ಐರನ್ ಫಾಸ್ಫೇಟ್ ಸೆಲ್ಲಿಗೆ ನಾಲ್ಕೇ ಸಾಕು, ಯಾಕೆಂದರೆ ಕರೆಂಟ್ ಹೆಚ್ಚಿದಂತೆ ಎಲ್‌ಇಡಿ ಕೇಳುವ ವೋಲ್ಟೂ ಏರಿ 3.2ರ ಮಿತಿ ಮುಟ್ಟುತ್ತದೆ. 1.4 ಆಂಪಿಯರಿಗೆ ಸುಮಾರು 400 ಲ್ಯೂಮೆನ್ ಬೆಳಕು, ನಾಲ್ಕು ಗಂಟೆಯ ಬಾಳಿಕೆ. ಹಳೆಯ ಬಲ್ಬು ಕೊಡುತ್ತಿದ್ದುದು ಹತ್ತು ಹದಿನೈದು ಲ್ಯೂಮೆನ್. ಸೆಲ್ ಇಳಿದಾಗ ಬೆಳಕು ತಾನಾಗಿ ಮಂಕಾಗಿ ಎಚ್ಚರಿಸುತ್ತದೆ. ವೋಲ್ಟು ಇಷ್ಟು ಬಿಗಿಯಾಗಿರುವಾಗ ಸ್ವಿಚ್ಚಿನ ಕಿಲುಬು ಕೂಡ ಶತ್ರು. ತಗಡಿನ ಪಟ್ಟಿಯನ್ನು ಎಮರಿ ಕಾಗದದಿಂದ ಉಜ್ಜಿ, ಸ್ಪ್ರಿಂಗಿನ ಒಳಗೆ ತಾಮ್ರದ ತಂತಿ ಬೆಸೆಯಿರಿ.

ಎಲ್ಲರೂ ಅವಸರಪಡುವುದು ಬಿಸಿಯ ವಿಷಯದಲ್ಲಿ. ಎಲ್‌ಇಡಿಗೆ ಹೋಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೊರಡುತ್ತದೆ, ಅದೂ ಕಡಲೆಕಾಳಿಗಿಂತ ಚಿಕ್ಕ ಜಾಗದಿಂದ. ಆ ಬಿಸಿ ಹೊರಹೋಗಲು ದಾರಿ ಇಲ್ಲದಿದ್ದರೆ ಎಲ್‌ಇಡಿ ಮಂಕಾಗಿ ಆಯುಸ್ಸು ಕಳೆದುಕೊಳ್ಳುತ್ತದೆ. ಎಲ್‌ಇಡಿಯ ನಡುವಿನ ಪ್ಯಾಡ್ ನೇರವಾಗಿ ತಾಮ್ರಕ್ಕೇ ಬೆಸೆಯುವ ಬೋರ್ಡನ್ನೇ ಕೊಳ್ಳಿ. ಅಗ್ಗದ ಅಲ್ಯೂಮಿನಿಯಂ ಬೋರ್ಡಿನಲ್ಲಿ ನಡುವಿನ ನಿರೋಧಕ ಪದರ ಬಿಸಿಯನ್ನು ತಡೆಯುತ್ತದೆ. ಹಳೆಯ ಟಾರ್ಚಿನಲ್ಲಿ ಬಲ್ಬು ಕೂರುತ್ತಿದ್ದುದು ತೆಳು ತಗಡಿನ ಮೇಲೆ. ಅಲ್ಲಿ ಬೋರ್ಡ್ ಅಂಟಿಸಿದರೆ ಪ್ರಯೋಜನವಿಲ್ಲ. ಜಹೀರಾಬಾದಿನಲ್ಲಾಗಲಿ ತಾಂಡೂರಿನಲ್ಲಾಗಲಿ ಲೇತ್ ಕೆಲಸದವರಲ್ಲಿ ಕೊಳವೆಯ ಅಳತೆ ಕೊಟ್ಟು, 5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬಿಲ್ಲೆಯನ್ನು ಒತ್ತಿ ಕೂಡಿಸುವಷ್ಟು ಬಿಗಿಯಾಗಿ ಮಾಡಿಸಿ. ಬೋರ್ಡಿಗೂ ಬಿಲ್ಲೆಗೂ ನಡುವೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ, ಎರಡು ಸ್ಕ್ರೂ ಹಾಕಿ. ಆಮೇಲೆ ಹಿತ್ತಾಳೆಯ ಕೊಳವೆಯೇ ಬಿಸಿಯನ್ನು ಹೀರಿ ನಿಮ್ಮ ಅಂಗೈಗೆ ದಾಟಿಸುತ್ತದೆ.

ಬೋರ್ಡಿಗೆ ಕೂಡಿಸದ ಎಲ್‌ಇಡಿ ಸಿಕ್ಕಿದರೆ ಬೆಸುಗೆ ಕೈಯಲ್ಲೇ ಆಗುತ್ತದೆ. ಮೂರು ಪ್ಯಾಡುಗಳಿಗೆ ಸೋಲ್ಡರ್ ಪೇಸ್ಟ್ ತೆಳುವಾಗಿ ಹಚ್ಚಿ, ಧನ–ಋಣ ಗುರುತು ನೋಡಿ ಎಲ್‌ಇಡಿ ಇಟ್ಟು, ಬೋರ್ಡನ್ನು ತಲೆಕೆಳಗಾಗಿ ಭದ್ರ ಮಾಡಿದ ಇಸ್ತ್ರಿ ಪೆಟ್ಟಿಗೆಯ ಮೇಲೆ ಇಡಿ. ತವರ–ಸೀಸದ ಪೇಸ್ಟ್ 183 ಡಿಗ್ರಿಗೆ ಕರಗುತ್ತದೆ. ಬೂದಿ ಬಣ್ಣದ ಪೇಸ್ಟ್ ಒಮ್ಮೆಲೇ ಹೊಳೆದು ಬೆಳ್ಳಿಯಾಗುತ್ತದೆ, ಸೊಟ್ಟಗಿದ್ದ ಎಲ್‌ಇಡಿ ತಾನೇ ಸರಿದು ನೆಟ್ಟಗೆ ಕೂರುತ್ತದೆ. ಚಿಮುಟಿಗೆಯಿಂದ ಮೆಲ್ಲಗೆ ಒತ್ತಿದರೆ ಹೆಚ್ಚಾದ ಸೋಲ್ಡರ್ ಪಕ್ಕಕ್ಕೆ ಬರುತ್ತದೆ. ಕೂಡಲೇ ಇಳಿಸಿ. ಪೇಸ್ಟಿನಿಂದ ಏಳುವ ಹೊಗೆ ಕುಡಿಯಬಾರದು, ಕಿಟಕಿ ತೆರೆದಿರಲಿ.

ಕೊನೆಗೆ ರಿಫ್ಲೆಕ್ಟರ್. ಹಳೆಯದರ ನಾಭಿ ಬಲ್ಬಿನ ತಂತಿಯ ಎತ್ತರಕ್ಕೆ ಲೆಕ್ಕ ಹಾಕಿದ್ದು. ಎಲ್‌ಇಡಿ ಅದಕ್ಕಿಂತ ಕೆಳಗೆ ಕೂತರೆ ಗೋಡೆಯ ಮೇಲೆ ನಡುವೆ ಕಪ್ಪು ಬಿದ್ದ ಬಳೆ ಮೂಡುತ್ತದೆ. ಬೋರ್ಡಿನ ಕೆಳಗೆ ತಾಮ್ರದ ತೆಳು ಬಿಲ್ಲೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಬಳೆ ಕೂಡಿಕೊಂಡು ಗಟ್ಟಿ ಚುಕ್ಕೆಯಾಗುವ ಎತ್ತರ ಸಿಗುತ್ತದೆ. ರಿಫ್ಲೆಕ್ಟರಿನ ಲೋಹ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ, ನಡುವೆ ಪ್ಲಾಸ್ಟಿಕ್ ಉಂಗುರ ಮರೆಯಬೇಡಿ.

ಬಿಡಿಭಾಗಗಳಿಗೆ ಹೈದರಾಬಾದಿನ ಕೋಟಿಯ ಗುಜರಾತಿ ಗಲ್ಲಿಗೆ ಹೋಗಿ ಬರಬಹುದು. ಸಿಗದ ಎಲ್‌ಇಡಿಯನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ತಯಾರಾದ ಟಾರ್ಚನ್ನು ಹೊಲಕ್ಕೆ ಒಯ್ಯುವ ಮೊದಲು ಮನೆಯಲ್ಲಿ ಹದಿನೈದು ನಿಮಿಷ ಪೂರ್ತಿ ಬೆಳಗಿಸಿ ನೋಡಿ. ಕೊಳವೆ ಬೆಚ್ಚಗಾದರೆ ಬಿಸಿಗೆ ದಾರಿ ಇದೆ ಎಂದರ್ಥ; ಬೆಳಕು ಕುಂದುತ್ತಿದ್ದು ಕೊಳವೆ ಮಾತ್ರ ತಣ್ಣಗಿದ್ದರೆ ಬಿಚ್ಚಿ ಮತ್ತೆ ಕೂಡಿಸಿ. ಹಂದಿ ಕಾಯುವವರಲ್ಲಿ ಒಂದು ಕಳಕಳಿಯ ಮಾತು: ಬೇಲಿಗೆ ಕರೆಂಟ್ ಬಿಡಬೇಡಿ, ಅದು ಹಂದಿಗಿಂತ ಮೊದಲು ಪಕ್ಕದ ಹೊಲದವನನ್ನು ಕೊಲ್ಲಬಹುದು. ಒಳ್ಳೆಯ ಬೆಳಕು ಮತ್ತು ಜೋರಾದ ಕೂಗಿನಿಂದಲೇ ಹಂದಿ ಓಡಿಸಿ.