ಬಸ್ಸಿನಷ್ಟು ದೊಡ್ಡ ಮನೆ, ಚಕ್ರದ ಮೇಲೆ: ಮೋಟಾರ್‌ಹೋಮ್ ಕೊಳ್ಳೋ ಮುಂಚೆ, ಹತ್ತೋ ಮುಂಚೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಮ್ಮ ಕಡೆ 'ಕ್ಯಾರವಾನ್' ಅಂದ ತಕ್ಷಣ ನೆನಪಾಗೋದು ಸಿನಿಮಾ ಶೂಟಿಂಗ್. ಹೀರೋ ಬಟ್ಟೆ ಬದಲಾಯಿಸೋಕೆ, ಮೇಕಪ್ ಹಾಕ್ಕೊಳ್ಳೋಕೆ ಅಂತ ರಸ್ತೆ ಪಕ್ಕ ನಿಂತಿರೋ ಎಸಿ ಬಸ್ಸು. ಅಮೆರಿಕದಲ್ಲಿ ಅಷ್ಟೇ ದೊಡ್ಡ ಗಾಡಿಯನ್ನ ಸಾಮಾನ್ಯ ಜನ ಸ್ವಂತಕ್ಕೆ ಕೊಂಡು, ತಾವೇ ಓಡಿಸಿಕೊಂಡು, ತಿಂಗಳುಗಟ್ಟಲೆ ಅದರೊಳಗೇ ಇರ್ತಾರೆ. ಚಳಿಗಾಲ ಬಂತು ಅಂದ್ರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಅರಿಜೋನಾದ ಕ್ವಾರ್ಟ್ಸೈಟ್ ಅನ್ನೋ ಪುಟ್ಟ ಮರುಭೂಮಿ ಊರಿಗೆ ಸಾಲುಸಾಲಾಗಿ ಇಳೀತಾರೆ.

ಇದು ನಮಗ್ಯಾಕೆ? ಅಲ್ಲಿ ಅಣ್ಣನೋ ಅಕ್ಕನೋ ಇರೋ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಬೇಸಿಗೆಗೆ ಅಪ್ಪ-ಅಮ್ಮ ಹೋದಾಗ, 'ಹೋಟೆಲ್ ಬೇಡ, ಒಂದು ಮೋಟಾರ್‌ಹೋಮ್ ತಗೊಳ್ಳೋಣ, ಅಮ್ಮ ಅಡುಗೆ ಮಾಡ್ಕೊಬಹುದು' ಅನ್ನೋ ಪ್ಲಾನ್ ಶುರುವಾಗುತ್ತೆ. ಪ್ಲಾನ್ ಚೆನ್ನಾಗೇ ಇದೆ. ಆದರೆ ಆ ಗಾಡಿ ಹತ್ತು ಟನ್ ದಾಟಬಹುದು, ಒಳಗೆ ಇರೋರು ನಮ್ಮವರು. ಅದಕ್ಕೇ ಇವತ್ತು ದುಡ್ಡು, ತೂಕ, ರಸ್ತೆ, ನೀರು, ಕರೆಂಟು ಒಂದೊಂದಾಗಿ ನೋಡೋಣ.

ಮೂರು ಬಗೆ

ಅಮೆರಿಕದಲ್ಲಿ ಇವನ್ನ ಎ, ಬಿ, ಸಿ ಅಂತ ವಿಂಗಡಿಸ್ತಾರೆ. ಕ್ಲಾಸ್ ಎ ಅಂದ್ರೆ ಬಸ್ಸಿನ ಆಕಾರದ್ದು, ದೊಡ್ಡದು 45 ಅಡಿವರೆಗೂ ಇರುತ್ತೆ. ಕ್ಲಾಸ್ ಬಿ ಅಂದ್ರೆ ವ್ಯಾನನ್ನೇ ಮನೆ ಮಾಡಿದ್ದು. ಕ್ಲಾಸ್ ಸಿ ನಡುವಿನದ್ದು, ಚಾಲಕನ ಕ್ಯಾಬಿನ್ ಮೇಲೆ ಹಾಸಿಗೆ ಚಾಚಿಕೊಂಡಿರುತ್ತೆ. ಬಾಡಿಗೆಗೆ ಹೆಚ್ಚಾಗಿ ಸಿಗೋದು ಇದೇ. ಇವತ್ತಿನ ಮಾತು ಮುಖ್ಯವಾಗಿ ಕ್ಲಾಸ್ ಎ ಬಗ್ಗೆ.

ಲೈಸೆನ್ಸ್ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಬಹಳಷ್ಟು ಕಡೆ ಸ್ವಂತ ಬಳಕೆಗೆ ಕಾರಿನ ಲೈಸೆನ್ಸೇ ಸಾಕು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಗಾಡಿ 40 ಅಡಿ ದಾಟಿದ್ರೆ ಬೇರೆ ದರ್ಜೆಯ ಲೈಸೆನ್ಸ್ ಬೇಕು. ಟೆಕ್ಸಾಸ್‌ನಲ್ಲಿ ಉದ್ದ ಅಲ್ಲ, ತೂಕ ನೋಡ್ತಾರೆ: 26,000 ಪೌಂಡ್, ಅಂದ್ರೆ ಸುಮಾರು 11,800 ಕೆ.ಜಿ. ದಾಟಿದ್ರೆ ಮೇಲಿನ ದರ್ಜೆಯದ್ದು ಬೇಕು. ಗಾಡಿ ನೋಡೋಕೆ ಹೋಗೋ ಮುಂಚೆ ಇದನ್ನ ವಿಚಾರಿಸಿಕೊಳ್ಳಿ.

ಲೆಕ್ಕ ಮೊದಲು, ಆಸೆ ಆಮೇಲೆ

ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕದಿಂದಲೇ ಶುರು. ಮೋಟಾರ್‌ಹೋಮ್‌ಗೆ 'ಮನೆ' ಅನ್ನೋ ಹೆಸರು ಅಂಟಿಕೊಂಡಿದೆ, ಆದರೆ ಸೈಟು-ಮನೆ ಥರ ಇದರ ಬೆಲೆ ಏರಲ್ಲ. ಶೋರೂಮಿನಿಂದ ಹೊರಗೆ ಬಂದ ದಿನದಿಂದ ಇಳೀತಾನೇ ಹೋಗುತ್ತೆ. ಅಲ್ಲಿ ಇದಕ್ಕೆ 15-20 ವರ್ಷದ ಸಾಲವೂ ಸಿಗುತ್ತೆ. ಕಂತು ಚಿಕ್ಕದು ಅಂತ ಖುಷಿಯಾಗುತ್ತೆ, ಆದರೆ ಸಾಲ ಕರಗೋದಕ್ಕಿಂತ ಬೇಗ ಗಾಡಿಯ ಬೆಲೆ ಕರಗುತ್ತೆ. ನಡುವೆ ಮಾರೋಕೆ ಹೊರಟ್ರೆ, ಬಂದ ದುಡ್ಡು ಸಾಲ ತೀರಿಸೋಕೇ ಸಾಲದೇ ಹೋಗಬಹುದು.

ಒಂದು ಉದಾಹರಣೆ ಇಟ್ಕೊಳ್ಳೋಣ. ಇವು ಲೆಕ್ಕ ಅರ್ಥ ಆಗಲಿ ಅಂತ ನಾನು ಹಾಕಿಕೊಂಡ ಅಂಕಿಗಳು. 2,00,000 ಡಾಲರ್‌ಗೆ ಕೊಂಡ್ರಿ, 5 ವರ್ಷ ಆದ್ಮೇಲೆ 1,20,000ಕ್ಕೆ ಮಾರಿದ್ರಿ. ಕಳಕೊಂಡಿದ್ದು 80,000, ವರ್ಷಕ್ಕೆ 16,000. ಇನ್ಶೂರೆನ್ಸ್ 2,000, ಬಳಸದೇ ಇರೋವಾಗ ನಿಲ್ಲಿಸೋ ಜಾಗದ ಬಾಡಿಗೆ 2,400, ರಿಪೇರಿ-ಸರ್ವಿಸು 4,000. ಒಟ್ಟು ವರ್ಷಕ್ಕೆ 24,400 ಡಾಲರ್. ವರ್ಷಕ್ಕೆ 30 ರಾತ್ರಿ ಬಳಸಿದ್ರೆ ಒಂದು ರಾತ್ರಿಗೆ 813 ಡಾಲರ್ ಬಿತ್ತು. 150 ರಾತ್ರಿ ಬಳಸಿದ್ರೆ 163. ಸಾಲದ ಬಡ್ಡಿ, ಡೀಸೆಲ್, ಕ್ಯಾಂಪ್‌ಗ್ರೌಂಡ್ ಬಾಡಿಗೆ ಇದಕ್ಕೆ ಇನ್ನೂ ಸೇರಿಲ್ಲ. ದೊಡ್ಡ ಗಾಡಿ ಲೀಟರ್‌ಗೆ 3-4 ಕಿ.ಮೀ. ಕೊಟ್ರೆ ಅದೇ ಹೆಚ್ಚು.

ಅಂದ್ರೆ 'ಕೊಳ್ಳೋಕೆ ಆಗುತ್ತಾ' ಅನ್ನೋದಕ್ಕಿಂತ 'ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗ್ತೀವಿ' ಅನ್ನೋದನ್ನ ಮೊದಲು ಕೇಳ್ಕೊಬೇಕು. ನಿವೃತ್ತರಾಗಿ ವರ್ಷದ ಅರ್ಧ ಸುತ್ತೋರಿಗೆ ಇದು ಹೊಂದುತ್ತೆ. ಬೇಸಿಗೆ ರಜೆಯಲ್ಲಿ ಎರಡು ವಾರ ಹೋಗೋರಿಗೆ ಬಾಡಿಗೆಯೇ ಲಾಭ.

ತೆರಿಗೆಯಲ್ಲಿ ಒಂದು ವಿಷಯ. ಮಲಗೋಕೆ, ಅಡುಗೆಗೆ, ಶೌಚಕ್ಕೆ ವ್ಯವಸ್ಥೆ ಇರೋ ಮೋಟಾರ್‌ಹೋಮನ್ನ ಅಮೆರಿಕದ ತೆರಿಗೆ ನಿಯಮದಲ್ಲಿ ಎರಡನೇ ಮನೆ ಅಂತ ಪರಿಗಣಿಸೋಕೆ ಅವಕಾಶ ಇದೆ, ಸಾಲದ ಬಡ್ಡಿಗೆ ವಿನಾಯಿತಿ ಸಿಗಬಹುದು. ಆದರೆ ಖರ್ಚುಗಳನ್ನ ಬಿಡಿಬಿಡಿಯಾಗಿ ತೋರಿಸಿ ರಿಟರ್ನ್ ಸಲ್ಲಿಸೋರಿಗೆ ಮಾತ್ರ. ಇದೊಂದನ್ನೇ ನಂಬಿ ಗಾಡಿ ಕೊಳ್ಳಬೇಡಿ.

ತೂಕ ಮತ್ತು ಟೈರು

ಜೀವಕ್ಕೆ ಸಂಬಂಧಪಟ್ಟ ವಿಷಯ ಇದು. ಪ್ರತಿ ಗಾಡಿಗೂ ಇಷ್ಟೇ ತೂಕ ಹೊರಬಹುದು ಅಂತ ಮಿತಿ ಇದೆ. ಒಳಗಡೆ ಅಂಟಿಸಿರೋ ಚೀಟಿಯಲ್ಲಿ 'ಜನ ಮತ್ತು ಸಾಮಾನು ಸೇರಿ ಇಷ್ಟು' ಅಂತ ಬರೆದಿರುತ್ತೆ. ಗಾಡಿ ದೊಡ್ಡದಿದೆ, ಎಷ್ಟು ಬೇಕಾದ್ರೂ ತುಂಬಬಹುದು ಅಂದ್ಕೊಬೇಡಿ. ಕಪಾಟುಗಳಲ್ಲಿ ಜಾಗ ಇದ್ದ ಮಾತ್ರಕ್ಕೆ ಅಚ್ಚಿಗೆ ಶಕ್ತಿ ಇದೆ ಅಂತಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ. 300 ಲೀಟರ್ ಟ್ಯಾಂಕ್ ತುಂಬಿಸಿದ್ರೆ ನಾಲ್ಕೈದು ಜನ ಹೆಚ್ಚಿಗೆ ಹತ್ತಿದ ಹಾಗೆ.

ಸಾಮಾನೆಲ್ಲ ತುಂಬಿ, ಜನರನ್ನ ಕೂರಿಸಿ, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿರೋ ತೂಕದ ಕಟ್ಟೆ ಮೇಲೆ ಒಮ್ಮೆ ನಿಲ್ಲಿಸಿ. 'ಕ್ಯಾಟ್ ಸ್ಕೇಲ್' ಅಂತ ಬೋರ್ಡ್ ಇರುತ್ತೆ. ಮುಂದಿನ ಅಚ್ಚಿನ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಅಂತ ಚೀಟಿ ಕೊಡ್ತಾರೆ. ಟೈರಿಗೆ ಎಷ್ಟು ಗಾಳಿ ಅನ್ನೋದನ್ನ ಆ ತೂಕದ ಮೇಲೆ, ಟೈರ್ ಕಂಪನಿಯ ಪಟ್ಟಿ ನೋಡಿ ನಿರ್ಧರಿಸಬೇಕು. ಗಾಳಿ ನೋಡೋದು ಬೆಳಿಗ್ಗೆ, ಗಾಡಿ ಓಡೋ ಮುಂಚೆ, ಟೈರ್ ತಣ್ಣಗಿರುವಾಗ.

ಸೆಕೆಂಡ್ ಹ್ಯಾಂಡ್ ಕೊಳ್ಳೋರು ಟೈರಿನ ವಿಷಯದಲ್ಲೇ ಜಾಸ್ತಿ ಮೋಸ ಹೋಗ್ತಾರೆ. ಗಾಡಿ ವರ್ಷವೆಲ್ಲ ನಿಂತೇ ಇದ್ದಿದ್ದರಿಂದ ಟೈರಿನ ಹಲ್ಲು ಹೊಸದರ ಥರ ಕಾಣುತ್ತೆ. ಆದರೆ ಬಿಸಿಲಿಗೆ, ವಯಸ್ಸಿಗೆ ರಬ್ಬರ್ ಒಳಗೊಳಗೇ ಹಾಳಾಗಿರುತ್ತೆ. ಟೈರಿನ ಪಕ್ಕದಲ್ಲಿ ಕೊನೇ ನಾಲ್ಕು ಅಂಕಿ ನೋಡಿ. 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು ಅಂತ ಅರ್ಥ. 5 ವರ್ಷ ಆದ್ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, 10 ವರ್ಷಕ್ಕೆ ಹೇಗೇ ಕಂಡ್ರೂ ಬದಲಾಯಿಸಿ ಅನ್ನೋದು ಮಿಷೆಲಿನ್ ಕಂಪನಿಯ ಸಲಹೆ. ಹೆದ್ದಾರಿ ವೇಗದಲ್ಲಿ ಮುಂದಿನ ಟೈರ್ ಒಡೆದ್ರೆ ಸ್ಟೀರಿಂಗ್ ಹಿಡಿಯೋದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ.

ಇನ್ನೊಂದು ಮಾತು. ಗಾಡಿ ಓಡ್ತಿರುವಾಗ ಎಲ್ಲರೂ ಕೂತು ಬೆಲ್ಟ್ ಹಾಕ್ಕೊಂಡಿರಬೇಕು. 'ಅಜ್ಜಿಗೆ ಸೊಂಟ ನೋವು, ಹಿಂದೆ ಮಂಚದ ಮೇಲೆ ಮಲಗಲಿ' ಅಂತ ಬಿಡಬೇಡಿ. ಎದ್ದು ಕಾಫಿ ಬಿಸಿ ಮಾಡೋದೂ ಬೇಡ. ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಕುಕ್ಕರೂ ಹಾರುತ್ತೆ, ಮನುಷ್ಯರೂ ಹಾರ್ತಾರೆ. ನೋವಿದ್ರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕೆಳಗಿಳಿಸಿ ಓಡಾಡಿಸಿ.

ಎತ್ತರ ಬಾಯಿಪಾಠ ಇರಲಿ

ಉತ್ತರ ಕ್ಯಾರೊಲಿನಾದ ಡರಮ್ ಊರಲ್ಲಿ ಒಂದು ರೈಲ್ವೆ ಸೇತುವೆ ಇದೆ. ಅದರ ಕೆಳಗಿನ ಎತ್ತರ 11 ಅಡಿ 8 ಇಂಚು ಇತ್ತು. ಎಷ್ಟು ಬೋರ್ಡ್ ಹಾಕಿದ್ರೂ ಬಾಡಿಗೆ ಟ್ರಕ್ಕುಗಳು, ಮೋಟಾರ್‌ಹೋಮ್‌ಗಳು ನುಗ್ಗಿ ಮೇಲ್ಛಾವಣಿ ಸುಲಿಸಿಕೊಳ್ತಾನೇ ಇದ್ವು. ಡಬ್ಬಿ ತೆಗೆಯೋ ಓಪನರ್ ಅಂತಲೇ ಅದಕ್ಕೆ ಅಡ್ಡಹೆಸರು. 2019ರಲ್ಲಿ 8 ಇಂಚು ಎತ್ತರಿಸಿ 12 ಅಡಿ 4 ಇಂಚು ಮಾಡಿದ್ರು. ಆಮೇಲೂ ಗಾಡಿಗಳು ಬಡಿಯೋದು ನಿಂತಿಲ್ಲ. ದೊಡ್ಡ ಕ್ಲಾಸ್ ಎ ಗಾಡಿ ಮೇಲಿನ ಎಸಿ ಸೇರಿ 12 ಅಡಿ ದಾಟಿರುತ್ತೆ, ಕೆಲವು 13 ಅಡಿಯೂ ಇರುತ್ವೆ.

ಫೋನಿನ ಮಾಮೂಲಿ ಮ್ಯಾಪ್ ನಿಮ್ಮನ್ನ ಕಾರಿನಲ್ಲಿದ್ದೀರಿ ಅಂತಲೇ ತಿಳ್ಕೊಳ್ಳುತ್ತೆ. ಗಾಡಿಯ ಎತ್ತರ, ಉದ್ದ, ತೂಕ ಹಾಕಿದ್ರೆ ಅದಕ್ಕೆ ತಕ್ಕ ದಾರಿ ತೋರಿಸೋ ಬೇರೆ ಜಿಪಿಎಸ್ ಸಿಗುತ್ತೆ, ಅದನ್ನೇ ಬಳಸಿ. ಎತ್ತರ ನೀವೇ ಟೇಪ್ ಹಿಡಿದು ಅಳೆದು, ಡ್ಯಾಶ್‌ಬೋರ್ಡ್ ಮೇಲೆ ಚೀಟಿ ಅಂಟಿಸಿ.

ಉದ್ದಕ್ಕೂ ಮಿತಿ ಇದೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 'ಗೋಯಿಂಗ್-ಟು-ದಿ-ಸನ್' ಅನ್ನೋ ಪ್ರಸಿದ್ಧ ಬೆಟ್ಟದ ರಸ್ತೆಯ ಮಧ್ಯಭಾಗಕ್ಕೆ 21 ಅಡಿಗಿಂತ ಉದ್ದ, ಕನ್ನಡಿ ಸೇರಿ 8 ಅಡಿಗಿಂತ ಅಗಲ ಇರೋ ಗಾಡಿ ಬಿಡಲ್ಲ. ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಎಷ್ಟೋ ಜಾಗಗಳಿಗೆ 40 ಅಡಿ ಗಾಡಿ ಹಿಡಿಸಲ್ಲ. ಬುಕ್ ಮಾಡುವಾಗ ಸೈಟಿನ ಉದ್ದ ನೋಡಿ. ಇದಕ್ಕೇ ಬಹಳ ಜನ ದೊಡ್ಡ ಗಾಡಿ ಹಿಂದೆ ಚಿಕ್ಕ ಕಾರು ಎಳ್ಕೊಂಡು ಹೋಗ್ತಾರೆ. ಗಾಡಿ ಕ್ಯಾಂಪಲ್ಲಿ ನಿಲ್ಲುತ್ತೆ, ಸುತ್ತಾಟ ಕಾರಲ್ಲಿ. ಆದರೆ ಕಾರು ನಾಲ್ಕೂ ಚಕ್ರದ ಮೇಲೆ ಹಿಂದೆ ಕಟ್ಟಿಕೊಂಡಿರುವಾಗ ರಿವರ್ಸ್ ತಗೊಳ್ಳೋ ಹಾಗಿಲ್ಲ, ಕೊಂಡಿ ಮುರಿಯುತ್ತೆ. ಹಾಗಾಗಿ ಪೆಟ್ರೋಲ್ ಬಂಕಿಗೆ ನುಗ್ಗೋ ಮುಂಚೆ ಹೊರಗೆ ಹೋಗೋ ದಾರಿ ಕಾಣ್ತಿದೆಯಾ ಅಂತ ನೋಡಿ.

ತಿರುವಿನಲ್ಲಿ ಎರಡು ವಿಷಯ. ಚಾಲಕ ಮುಂದಿನ ಚಕ್ರಕ್ಕಿಂತ ಮುಂದೆ ಕೂತಿರ್ತಾನೆ, ಹಾಗಾಗಿ ಕಾರಿಗಿಂತ ಸ್ವಲ್ಪ ಮುಂದೆ ಹೋಗಿ ತಿರುಗಿಸಬೇಕು. ಹಿಂದಿನ ಚಕ್ರದ ಆಚೆ ಚಾಚಿಕೊಂಡಿರೋ ಬಾಲ ಎದುರು ದಿಕ್ಕಿಗೆ ಬೀಸುತ್ತೆ, ಪಕ್ಕದ ಕಂಬ, ಕಾರು ಸವರುತ್ತೆ. ಖಾಲಿ ಪಾರ್ಕಿಂಗ್‌ನಲ್ಲಿ ಒಂದು ಬೆಳಿಗ್ಗೆ ಅಭ್ಯಾಸ ಮಾಡಿ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳೀಬೇಡಿ, ಬ್ರೇಕ್ ಕಾದು ಹಿಡಿಯದೇ ಹೋಗುತ್ತೆ. ನಮ್ಮ ಘಾಟಿ ಚಾಲಕರ ಹಾಗೆ ಮೇಲಿಂದಲೇ ಕೆಳಗಿನ ಗೇರ್‌ಗೆ ಹಾಕಿ.

ಮೂರು ಟ್ಯಾಂಕು, ಒಂದು ಪ್ಲಗ್ಗು

ಗಾಡಿ ಅಡಿಯಲ್ಲಿ ಮೂರು ಟ್ಯಾಂಕ್ ಇರ್ತಾವೆ. ಒಳ್ಳೆ ನೀರು, ಸಿಂಕ್-ಸ್ನಾನದ ಕೊಳೆ ನೀರು, ಮತ್ತೆ ಶೌಚದ್ದು. ಇವುಗಳಿಗೆ ಅಲ್ಲಿ ಫ್ರೆಶ್, ಗ್ರೇ, ಬ್ಲ್ಯಾಕ್ ಅಂತಾರೆ. ಕ್ಯಾಂಪಲ್ಲಿ ಪೈಪ್ ಜೋಡಿಸಿದ ಮೇಲೂ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಮುಚ್ಚೇ ಇರಬೇಕು. ತೆರೆದಿಟ್ರೆ ನೀರೆಲ್ಲ ಹರಿದುಹೋಗಿ ಗಟ್ಟಿ ಒಳಗೇ ಗುಡ್ಡೆ ಹಾಕುತ್ತೆ, ಆಮೇಲೆ ಕೀಳೋಕಾಗಲ್ಲ. ಮುಕ್ಕಾಲು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಡಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ, ಆಗ ಸೋಪಿನ ನೀರು ಪೈಪನ್ನೂ ತೊಳೆಯುತ್ತೆ. ನಮ್ಮವರಿಗೆ ಶೌಚಕ್ಕೆ ನೀರು ಬೇಕು, ಹಾಗಾಗಿ ಟ್ಯಾಂಕ್ ಬೇಗ ತುಂಬುತ್ತೆ. ಪ್ಲಾನ್ ಮಾಡುವಾಗ ಇದನ್ನ ಸೇರಿಸ್ಕೊಳ್ಳಿ. ಒಗ್ಗರಣೆ ಎಣ್ಣೆ ಮಾತ್ರ ಸಿಂಕಿಗೆ ಸುರೀಬೇಡಿ.

ಕರೆಂಟು ಎರಡು ಥರ. 30 ಆಂಪ್ ಸಂಪರ್ಕದಲ್ಲಿ ಒಟ್ಟು ಸಿಗೋದು 3,600 ವ್ಯಾಟ್. ಎಸಿ, ಮೈಕ್ರೋವೇವ್, ವಾಟರ್ ಹೀಟರ್ ಒಟ್ಟಿಗೇ ಹಾಕಿದ್ರೆ ಟ್ರಿಪ್ ಗ್ಯಾರಂಟಿ. 50 ಆಂಪ್ ಅಂದ್ರೆ ಎರಡು ಲೈನ್ ಸೇರಿ 12,000 ವ್ಯಾಟ್. ದೊಡ್ಡ ಗಾಡಿಗೆ ಇದೇ ಬೇಕು. ಕ್ಯಾಂಪಿನ ವೋಲ್ಟೇಜ್ ಏರುಪೇರಿಗೆ ಸರ್ಜ್ ಪ್ರೊಟೆಕ್ಟರ್, ನೀರಿನ ಒತ್ತಡಕ್ಕೆ ರೆಗ್ಯುಲೇಟರ್, ಎರಡೂ ಮೊದಲ ದಿನವೇ ಕೊಳ್ಳಿ. ಊರಿಂದ ತಂದ 230 ವೋಲ್ಟ್ ಮಿಕ್ಸಿ ಅಲ್ಲಿನ 120 ವೋಲ್ಟ್‌ನಲ್ಲಿ ಚಟ್ನಿ ಅರೆಯಲ್ಲ.

ಅಡುಗೆ ಮಾಡುವಾಗ ಹೊಗೆ ಅಲಾರಂ ಕೂಗುತ್ತೆ. ಕಿರಿಕಿರಿ ಅಂತ ಬ್ಯಾಟರಿ ಕೀಳಬೇಡಿ, ಕಿಟಕಿ ತೆಗೀರಿ. ಗ್ಯಾಸ್ ಸೋರಿಕೆ, ಕಾರ್ಬನ್ ಮೊನಾಕ್ಸೈಡ್‌ಗೂ ಅಲಾರಂ ಇರ್ತಾವೆ, ಅವಕ್ಕೂ ಆಯಸ್ಸಿದೆ, ಹಿಂದೆ ಬರೆದಿರೋ ದಿನಾಂಕ ನೋಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಜನರೇಟರ್ ಹಾಕಿಕೊಂಡು ನಿದ್ದೆ ಹೋದೋರು ಏಳದೇ ಇರೋದು ಇದರಿಂದಲೇ. ಪಕ್ಕದವರ ಜನರೇಟರ್ ಹೊಗೆಯೂ ನಿಮ್ಮ ಕಿಟಕಿಯಿಂದ ಬರಬಹುದು.

ಹಿಮ ಬೀಳೋ ಊರಲ್ಲಿ ಗಾಡಿ ನಿಲ್ಲಿಸೋದಾದ್ರೆ ಪೈಪುಗಳ ನೀರು ಪೂರ್ತಿ ತೆಗೆದು, ಇದಕ್ಕೇ ಅಂತ ಸಿಗೋ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಬೇಕು. ಇಲ್ಲಾಂದ್ರೆ ನೀರು ಗಡ್ಡೆಕಟ್ಟಿ ಪೈಪ್ ಸೀಳುತ್ತೆ.

ಹೊರಡೋ ಮುಂಚೆ ಒಂದು ಸುತ್ತು

ಎಷ್ಟೇ ಆತುರ ಇದ್ರೂ ಕೆಳಗಿಳಿದು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ. ಮೆಟ್ಟಿಲು ಒಳಗೆ ಹೋಯ್ತಾ? ಹೊರಗೆ ಚಾಚಿದ ಕೋಣೆ, ನೆರಳಿನ ಬಟ್ಟೆ ಮಡಚಿದ್ವಾ? ಕರೆಂಟ್ ವೈರು, ನೀರಿನ ಪೈಪು ಬಿಚ್ಚಿದ್ವಾ? ಚಕ್ರಕ್ಕೆ ಕೊಟ್ಟ ಕಟ್ಟೆ ತೆಗೆದ್ರಾ? ಕಪಾಟು, ಫ್ರಿಜ್ ಬಾಗಿಲು ಲಾಕ್ ಆಯ್ತಾ? ಒಬ್ಬರು ಓದಲಿ, ಇನ್ನೊಬ್ಬರು ನೋಡಲಿ. ನಡುವೆ ಫೋನ್ ಬಂದ್ರೆ ಮೊದಲಿಂದ ಶುರು ಮಾಡಿ.

ಕೊಳ್ಳೋ ಮನಸ್ಸು ಗಟ್ಟಿ ಇದ್ರೂ ಮೊದಲು ಅದೇ ಉದ್ದದ ಗಾಡಿ ಒಂದು ವಾರ ಬಾಡಿಗೆಗೆ ತಗೊಳ್ಳಿ. ಮನೆಯಿಂದ ಒಂದು ಗಂಟೆ ದೂರದ ಕ್ಯಾಂಪಲ್ಲೇ ಇರಿ. ಅಡುಗೆ ಮಾಡಿ, ಟ್ಯಾಂಕ್ ನೀವೇ ಖಾಲಿ ಮಾಡಿ, ಮಳೆಯಲ್ಲಿ ಒಂದು ದಿನ ಒಳಗೇ ಕೂತು ನೋಡಿ. ಏಳನೇ ದಿನವೂ ಮನೆಯವರು ಒಬ್ಬರಿಗೊಬ್ಬರು ನಗ್ತಾ ಮಾತಾಡ್ತಿದ್ರೆ, ಆಗ ಶೋರೂಮ್ ಕಡೆ ಹೋಗಿ.

ಅಮೆರಿಕದಲ್ಲಿರೋ ನಿಮ್ಮವರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.