ಕಲ್ಲಾಗಿ ಉಳಿದ ಕಾಲ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದಲ್ಲಿ ರೆಡ್ ಡೀರ್ ಎಂಬ ನದಿಯು ಹರಿಯುತ್ತದೆ. ಅದರ ಇಕ್ಕೆಲಗಳಲ್ಲಿ ಮಳೆಗಾಳಿಗಳಿಗೆ ಸವೆದ ಬೋಳು ಗುಡ್ಡಗಳಿವೆ. ಅವುಗಳ ಮೈಯಲ್ಲಿ ಬೂದು, ಕಂದು, ಕಪ್ಪು ಪದರಗಳು ಒಂದರ ಮೇಲೊಂದು ಎದ್ದು ಕಾಣುತ್ತವೆ. ಬೇಸಾಯಕ್ಕೆ ಒದಗದ ಈ ನೆಲವು ಡೈನೋಸಾರ್‌ಗಳ ಪಳೆಯುಳಿಕೆಗಳಿಗೆ ಜಗತ್ಪ್ರಸಿದ್ಧವಾಗಿದೆ.

ಸುಮಾರು 7.5 ಕೋಟಿ ವರ್ಷಗಳ ಹಿಂದೆ ಈ ಪ್ರದೇಶವು ಸಮುದ್ರಕ್ಕೆ ಸಮೀಪದ ಹಸಿರು ಬಯಲಾಗಿತ್ತು. ಸತ್ತ ಪ್ರಾಣಿಗಳನ್ನು ನದಿಗಳ ಮರಳೂ ಹೂಳೂ ಮುಚ್ಚಿದವು. ನೀರಿನಲ್ಲಿ ಕರಗಿದ್ದ ಖನಿಜಗಳು ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡು, ಕಾಲಕ್ರಮದಲ್ಲಿ ಎಲುಬು ಕಲ್ಲಾಯಿತು. ಹಿಮಯುಗದ ಕೊನೆಯಲ್ಲಿ ಹಿಮ ಕರಗಿ ಹರಿದ ನೀರು ನೆಲವನ್ನು ಕೊರೆದು ಆ ಪದರಗಳನ್ನು ಬಯಲಿಗೆ ತಂದಿತು.

1884ರಲ್ಲಿ ಇಲ್ಲಿ ಭೂಪರಿಶೀಲನೆ ನಡೆಸುತ್ತಿದ್ದ ಜೋಸೆಫ್ ಟಿರೆಲ್ ಎಂಬ ಭೂವಿಜ್ಞಾನಿಗೆ ಮಾಂಸಾಹಾರಿ ಡೈನೋಸಾರ್ ಒಂದರ ತಲೆಬುರುಡೆ ದೊರೆಯಿತು. ಆತನ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯವು 1985ರಲ್ಲಿ ಡ್ರಮ್‌ಹೆಲರ್ ಪಟ್ಟಣದ ಬಳಿ ತೆರೆಯಿತು. ಕುಶಲಕರ್ಮಿಗಳು ಎಲುಬನ್ನು ಕಲ್ಲಿನಿಂದ ಬಿಡಿಸುವುದನ್ನು ಪ್ರೇಕ್ಷಕರು ಅಲ್ಲಿ ಗಾಜಿನಾಚೆಯಿಂದ ನೋಡಬಹುದು. ಅದೇ ನದಿಯ ಕೆಳಪಾತ್ರದಲ್ಲಿ 1955ರಲ್ಲಿ ಸ್ಥಾಪಿತವಾದ ಡೈನೋಸಾರ್ ಉದ್ಯಾನವಿದೆ. 1979ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಕೆಲವು ಪಳೆಯುಳಿಕೆಗಳನ್ನು ಅಲ್ಲಿ ಸಿಕ್ಕಿದ ನೆಲೆಯಲ್ಲಿಯೇ ಉಳಿಸಿ, ಮೇಲೆ ಸೂರು ಕಟ್ಟಿ ಕಾಪಾಡಲಾಗಿದೆ.

ಇಂಥ ಶೋಧಗಳು ವಿದ್ವಾಂಸರಿಗೆ ಮಾತ್ರ ಮೀಸಲಾದುವಲ್ಲ. ನೆರೆಯ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1991ರಲ್ಲಿ ವಿಜ್ಞಾನಿಗಳೊಡನೆ ಹೊರಟಿದ್ದ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರ ಕಣ್ಣಿಗೆ ಬಿದ್ದ ಎಲುಬು, ಟೈರನೊಸಾರಸ್ ಜಾತಿಯ ಅತಿ ದೊಡ್ಡ ಪ್ರಾಣಿಗಳಲ್ಲೊಂದರದು. 2011ರಲ್ಲಿ ಆಲ್ಬರ್ಟಾದ ಉತ್ತರ ಭಾಗದ ಗಣಿಯಲ್ಲಿ ನೆಲ ಅಗೆಯುತ್ತಿದ್ದ ಯಂತ್ರಚಾಲಕನೊಬ್ಬನು ವಿಚಿತ್ರವಾದ ಕಲ್ಲನ್ನು ಕಂಡು ಕೆಲಸವನ್ನು ನಿಲ್ಲಿಸಿದನು. ಅದು ಸುಮಾರು 11 ಕೋಟಿ ವರ್ಷಗಳ ಹಿಂದಿನ ಡೈನೋಸಾರ್; ಮೈಯ ಕವಚವೂ ಚರ್ಮವೂ ಅದರಲ್ಲಿ ಗುರುತಾಗಿ ಉಳಿದಿದ್ದವು. ಅದನ್ನು ಕಲ್ಲಿನಿಂದ ಬಿಡಿಸಲು ಒಬ್ಬ ಕುಶಲಕರ್ಮಿಯು ಸುಮಾರು 7,000 ಗಂಟೆಗಳ ಕಾಲ ದುಡಿದನು. ಆ ಚಾಲಕನು ಅರೆಗಳಿಗೆ ಉದಾಸೀನನಾಗಿದ್ದರೆ ಅದೆಲ್ಲವೂ ಪುಡಿಯಾಗುತ್ತಿತ್ತು.

ಆಲ್ಬರ್ಟಾದಲ್ಲಿ ಪಳೆಯುಳಿಕೆಗಳು ಪ್ರಾಂತ್ಯದ ಸ್ವತ್ತು. ಅನುಮತಿಯಿಲ್ಲದೆ ಅವುಗಳನ್ನು ಅಗೆದು ತೆಗೆಯುವುದು ಅಪರಾಧ. ಈ ಕಟ್ಟುನಿಟ್ಟಿಗೆ ಕಾರಣವಿದೆ. ಎಲುಬು ಯಾವ ಪದರದಲ್ಲಿತ್ತು, ಅದರ ಸುತ್ತ ಯಾವ ಎಲೆ, ಯಾವ ಚಿಪ್ಪು ಇದ್ದವು ಎಂಬುದರಿಂದಲೇ ಆ ಪ್ರಾಣಿಯ ಕಾಲವೂ ಬದುಕೂ ತಿಳಿಯುತ್ತವೆ. ಕುತೂಹಲಕ್ಕೆಂದು ಕಿತ್ತೊಯ್ದವನ ಕೈಗೆ ಕಲ್ಲು ದಕ್ಕೀತು. ಅದರೊಳಗಿನ ಚರಿತ್ರೆ ಯಾರಿಗೂ ದಕ್ಕದೆ ಹೋಗುತ್ತದೆ. ಕೋಟ್ಯಂತರ ವರ್ಷ ಭೂಮಿಯು ಕಾಪಾಡಿಕೊಂಡು ಬಂದುದನ್ನು ಕಂಡಲ್ಲಿಯೇ ಬಿಟ್ಟು, ತಿಳಿದವರಿಗೆ ತಿಳಿಸುವುದು ಕಂಡವನ ಕರ್ತವ್ಯ.